‘ಟಿಪ್ಪು ಕಾಲದ’ ಪೀಚೆಕತ್ತಿ: ಕೊಟ್ಟ ಕಾಸಿಗೆ ತಕ್ಕ ಮಾಲೇ?

ಕೊಡಗಿನ ಮದುವೆಗೆಂದು ಹೊಸದಾಗಿ ಮಾಡಿಸುವ ಪೀಚೆಕತ್ತಿಯ (ಕೊಡವ ಉಡುಪಿನ ಸಣ್ಣ ಬಾಕು) ಮೇಲೆ ನಮ್ಮದೇನೂ ತಕರಾರಿಲ್ಲ. ಕುಪ್ಯ ಎಂಬ ಉದ್ದ ಕೋಟಿನ ಮೇಲೆ ಚೇಲೆ ಎಂಬ ನಡುಪಟ್ಟಿ ಬಿಗಿದು ಮುಂದೆ ಸಿಕ್ಕಿಸಿಕೊಳ್ಳಲು ಅದು ಧಾರಾಳ ಸಾಕು. ಬೆಳ್ಳಿಯದಾದರೆ ತೂಕ ಹಾಕಿಸಿ ಬಿಲ್ ತೆಗೆದುಕೊಳ್ಳಿ, ಮುಗಿಯಿತು. ತಕರಾರಿರುವುದು ಅದೇ ಮಾಲನ್ನು ಮಸಿ ಹಿಡಿಸಿ, ‘ಟಿಪ್ಪು ಕಾಲದ್ದು’ ಎಂದು ಆನ್‌ಲೈನ್‌ನಲ್ಲಿ ನಾಲ್ಕು ಪಟ್ಟು ಬೆಲೆ ಹೇಳುವವರ ಮೇಲೆ.

ಅಲಗು, ಹಿಡಿ, ಒರೆ, ಸರಪಳಿ: ನಾಲ್ಕಕ್ಕೂ ಬೇರೆ ಬೇರೆ ವಯಸ್ಸಿರಬಹುದು. ಮಾರುವವರು ಇರುವುದರಲ್ಲಿ ಹಳೆಯ ಭಾಗದ ವಯಸ್ಸನ್ನೇ ಇಡೀ ಕತ್ತಿಗೆ ಹೇಳಿಬಿಡುತ್ತಾರೆ.

ಅಲಗಿನಿಂದ ಶುರುಮಾಡಿ. ಏಳು ಇಂಚಿನ ಆಸುಪಾಸು, ಅಗಲವಾಗಿ, ಒಂದೇ ಕಡೆ ಹರಿತವಾಗಿ ಇರಬೇಕು. ಬೆನ್ನಿನ ದಪ್ಪವನ್ನು ಹಿಡಿಯ ಹತ್ತಿರ, ನಡುವೆ, ತುದಿಯಲ್ಲಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ಅಳೆಯಿರಿ. ಕುಲುಮೆಯಲ್ಲಿ ಬಡಿದದ್ದು ತುದಿಯತ್ತ ತೆಳುವಾಗುತ್ತಾ ಹೋಗುತ್ತದೆ. ತಗಡು ಕತ್ತರಿಸಿ ಗ್ರೈಂಡರ್ ಹೊಡೆದದ್ದು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ. ಹಳೆಯ ತುಕ್ಕು ಕಪ್ಪುಕಂದು, ಗಟ್ಟಿ, ಉಗುರಿಗೆ ಏಳುವುದಿಲ್ಲ. ಆ್ಯಸಿಡ್ ಹಾಕಿ ಎಬ್ಬಿಸಿದ್ದು ಕಿತ್ತಳೆ ಬಣ್ಣದಲ್ಲಿ ಎಲ್ಲ ಕಡೆ ಸಮನಾಗಿ ಹರಡಿ, ಬೆರಳಿಗೆ ಪುಡಿ ಹತ್ತುತ್ತದೆ.

ಹೆಚ್ಚಿನ ಮೋಸ ಹಿಡಿಯಲ್ಲಿ. ದಂತ ಎಂದು ಹೇಳಿದರೆ ಹತ್ತು ಪಟ್ಟಿನ ಲೆನ್ಸ್ ಹಿಡಿದು ಹಿಡಿಯ ತುದಿಯ ಅಡ್ಡಕೊಯ್ತ ನೋಡಿ. ಆನೆದಂತದಲ್ಲಿ ಎರಡು ದಿಕ್ಕಿನ ಬಾಗುಗೆರೆಗಳು ಒಂದನ್ನೊಂದು ದಾಟಿ ಬಲೆಯಂತೆ ಕಾಣುತ್ತವೆ. ಮೂಳೆಯಾದರೆ ಚಿಕ್ಕ ಕಪ್ಪು ಚುಕ್ಕೆ, ಗೀರು. ಪ್ಲಾಸ್ಟಿಕ್ಕಿನಲ್ಲಿ ಏನೂ ಇರುವುದಿಲ್ಲ, ಇದ್ದರೂ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ. ಕಾದ ಸೂಜಿ ಚುಚ್ಚಿ ನೋಡಬೇಡಿ, ಅಸಲಿಯಾಗಿದ್ದರೆ ಕೆಟ್ಟೇಹೋಗುತ್ತದೆ. ಅಲಗು ಹಿಡಿಯೊಳಗೆ ಸೇರುವ ಜಾಗದಲ್ಲಿ ಮಿರುಗುವ ಪಾರದರ್ಶಕ ಅಂಟು ಕಂಡರೆ ಅದು ಎಪಾಕ್ಸಿ, ಈಗಿನ ಕಾಲದ ಕೃತಕ ಅಂಟು. ಯಾರೋ ಈಚೆಗೆ ಕೈ ಹಾಕಿದ್ದಾರೆ. ದುರಸ್ತಿ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು.

ಒರೆಯ ಬೆಳ್ಳಿಯ ಮೇಲೆ 925 (ಸಾವಿರದಲ್ಲಿ 925 ಪಾಲು ಬೆಳ್ಳಿ ಎನ್ನುವ ಈಗಿನ ಕಾಲದ) ಮುದ್ರೆ ಇದ್ದರೆ ಆ ಒರೆಯ ಮಟ್ಟಿಗೆ ‘ಟಿಪ್ಪು ಕಾಲ’ದ ಕತೆ ಅಲ್ಲಿಗೇ ಮುಗಿಯಿತು. ಸವೆದ ಅಂಚಿನಲ್ಲಿ ಹಳದಿ ಇಣುಕಿದರೆ ಹಿತ್ತಾಳೆಯ ಮೇಲಿನ ಲೇಪ. ಅಯಸ್ಕಾಂತ ನಂಬಬೇಡಿ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರೂ ಅದಕ್ಕೆ ಅಂಟುವುದಿಲ್ಲ. ಹೆಸರು, ಇಸವಿ ಕೆತ್ತಿದ್ದರೆ ಅಕ್ಷರದ ಅಂಚು ಸುತ್ತಲಿನ ಬೆಳ್ಳಿಯಷ್ಟೇ ಸವೆದಿದೆಯೇ ನೋಡಿ. ಬೆರಳಿಗೆ ಚುಚ್ಚಿದರೆ ನಿನ್ನೆಮೊನ್ನೆಯದು. ಸರಪಳಿಯಲ್ಲಿ ಕೈಗೆಲಸದ ಕೊಂಡಿಗಳು ಒಂದರಂತೆ ಒಂದಿರವು, ಒಂದಕ್ಕೊಂದು ಉಜ್ಜಿದ ಕಡೆ ತೆಳುವಾಗಿರುತ್ತವೆ. ಸರಪಳಿಯ ತುದಿಗೆ ತೂಗುವ ಚಿಮುಟ, ಕಿವಿಯ ಕಡ್ಡಿ ಉಪಯೋಗಕ್ಕೆ ಬಾರದಷ್ಟು ದಪ್ಪಗಿದ್ದರೆ ಅವು ಬರೀ ಅಲಂಕಾರಕ್ಕೆ ಮಾಡಿದವು.

ಇಷ್ಟೂ ಭಾಗಗಳ ಹತ್ತಿರದ ಫೋಟೊ ಕೇಳಿದರೆ ಮಾರುವವರು ಕೊಡುವುದು ಹೂದಾನಿಯ ಪಕ್ಕ ಇಟ್ಟು ತೆಗೆದ ಒಂದೇ ಚಿತ್ರ. ಐದರಲ್ಲಿ ಒಂದು ಸ್ಟಾರ್ ಕೊಡಬಹುದು, ಅದೂ ಪ್ಯಾಕಿಂಗಿಗೆ.

ಕಾನೂನಿನ ಮಾತು ಬೇರೆಯೇ ಇದೆ. ದಂತದ ಹಿಡಿ ಎಷ್ಟೇ ಹಳೆಯದಾಗಲಿ, ಕೊಳ್ಳುವುದು ಮಾರುವುದು ಅಪರಾಧ. ನೂರು ವರ್ಷ ದಾಟಿದ ಕತ್ತಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ಪ್ರಾಚ್ಯವಸ್ತು. ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ‘ಇನ್ನೂರು ವರ್ಷ ಹಳೆಯದು, ದುಬೈಗೂ ಡೆಲಿವರಿ ಇದೆ’ ಎನ್ನುವವರು ವಯಸ್ಸಿನಲ್ಲಿ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಕಾನೂನು ಮುರಿಯುತ್ತಿರಬೇಕು.