ಆನ್‌ಲೈನ್ ಹರಾಜಿನಲ್ಲಿ ಹಳೇ ಟ್ರ್ಯಾಕ್ಟರ್: ಫೋಟೊ ನಂಬಿ ಬಿಡ್ ಹಾಕಬೇಡಿ

ಹರಾಜಿನ ಷರತ್ತುಗಳಲ್ಲಿ "ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ" ಎಂಬ ಮಾತು ಇದ್ದೇ ಇರುತ್ತದೆ. ಹಣ ಕಟ್ಟಿದ ಮೇಲೆ ಎಂಜಿನ್ ತಿರುಗದಂತೆ ಜಾಮ್ ಆಗಿದ್ದರೂ ಹೊಣೆ ನಿಮ್ಮದೇ ಎಂದು ಅದರ ಅರ್ಥ. ಸಾಲ ತಂದು ಬಿಡ್ ಹಾಕುವವರು ಓದದೆ ಬಿಡುವುದೂ ಇದೇ ಸಾಲನ್ನು.

ಮೊದಲ ಮೋಸ ಅವರ್ ಮೀಟರಿನದು, ಅಂದರೆ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರಿನದು. ಮೀಟರ್ ಬೋರ್ಡ್ ಬದಲಿಸಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಕೇಬಲ್ ಕಿತ್ತುಹೋದರೆ ನಿಂತಲ್ಲೇ ನಿಲ್ಲುತ್ತದೆ. 900 ಗಂಟೆ ತೋರಿಸುವ ಗಾಡಿಯ ಕ್ಲಚ್ ಪೆಡಲ್ ಸವೆದು ನುಣ್ಣಗಾಗಿದ್ದರೆ, ಮುಂದಿನ ಆಕ್ಸಲ್ ಪಿನ್ ಅಲುಗಾಡುತ್ತಿದ್ದರೆ, ನಂಬಬೇಕಾದ್ದು ಪೆಡಲನ್ನು, ಮೀಟರನ್ನಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಹೊಸ ಬಣ್ಣ ಕಂಡರಂತೂ ಇನ್ನೂ ಹುಷಾರಾಗಿರಿ, ಬೆಸುಗೆ ಹಾಕಿದ ಬಿರುಕೂ ಆಯಿಲ್ ಸೋರಿಕೆಯೂ ಅದರಡಿ ಮುಚ್ಚಿಹೋಗುತ್ತವೆ.

ಗಾಡಿ ನಿಲ್ಲಿಸಿರುವ ಯಾರ್ಡಿಗೆ ಹೋಗಿಯೇ ನೋಡಿ, ಮೆಕ್ಯಾನಿಕ್ ಜೊತೆಗಿರಲಿ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟು, ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣನೆ ಎಂಜಿನ್ ಸ್ಟಾರ್ಟ್ ಆಗಲು ಪಡುವ ಕಷ್ಟವನ್ನು ಯಾರೋ ಆಗಲೇ ಮುಗಿಸಿದ್ದಾರೆ. ತಣ್ಣಗಿದ್ದಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಎಂಜಿನ್ನಿನೊಳಗೆ ನೀರು ತಡೆಯುವ ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ (ಪಿಸ್ಟನ್ ಓಡಾಡುವ ಕೊಳವೆ) ಸೀಲ್ ಹೋಗಿರಬಹುದು. ರೇಡಿಯೇಟರ್ ನೀರಿನ ಮೇಲೆ ಜಿಡ್ಡು ತೇಲಿದರೂ ಅದೇ ಅನುಮಾನ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ, ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಬುಸುಬುಸು ಹೊಗೆ ಬಂದರೆ, ಪಿಸ್ಟನ್ ರಿಂಗ್, ಲೈನರ್ ಸವೆದಿರಬಹುದು.

ಆಮೇಲೆ ಭಾರದ ಉಪಕರಣವೊಂದನ್ನು ಕಟ್ಟಿಸಿ ಹಿಂಬದಿಯ ಹೈಡ್ರಾಲಿಕ್ ಲಿಫ್ಟಿನಿಂದ ಎತ್ತಿಸಿ, ಎಂಜಿನ್ ಆಫ್ ಮಾಡಿಸಿ. ನೋಡನೋಡುತ್ತಲೇ ಇಳಿದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಕ್ಲಚ್ ಪರೀಕ್ಷಿಸಲು ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ, ಮೇಲಿನ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕು, ಕೂಲಿ ಏರುವುದು ಅಲ್ಲೇ. ಎಂಜಿನ್ ನಿಲ್ಲಿಸಿ, ಪಿಟಿಒ ಶಾಫ್ಟಿನ (ಉಪಕರಣಗಳಿಗೆ ಎಂಜಿನ್ ಶಕ್ತಿ ಕೊಡುವ ಹಿಂಬದಿಯ ತಿರುಗು ದಂಡ) ಹಲ್ಲು ಸವೆದಿದೆಯೇ, ತಿರುಚಿದೆಯೇ ಎಂದು ಬೆರಳಾಡಿಸಿ ನೋಡಿ. ಯಾರ್ಡಿನಲ್ಲಿ ಖಾಲಿ ತಿರುಗುವ ಪಿಟಿಒ ಹೊಲದ ಭಾರಕ್ಕೆ ನಿಲ್ಲುತ್ತದೆಂಬ ಖಾತರಿಯಿಲ್ಲ.

ಪ್ಲೇಟಿನ ಮೇಲಿನ ಚಾಸಿ ನಂಬರ್, ಲೋಹಕ್ಕೆ ಒತ್ತಿದ ನಂಬರ್, ಕಾಗದದಲ್ಲಿರುವ ನಂಬರ್ ಮೂರೂ ಒಂದೇ ಇರಬೇಕು. ಸಾಲ ಕಟ್ಟದೆ ಜಪ್ತಿಯಾದ ಗಾಡಿಯಾದರೆ, ಸಾಲ ತೀರಿದ ಪತ್ರ ಯಾವ ದಿನದೊಳಗೆ ಕೈಸೇರುತ್ತದೆಂದು ಬರಹದಲ್ಲೇ ಕೇಳಿ. ಅದಿಲ್ಲದೆ ಗಾಡಿ ನಿಮ್ಮ ಹೆಸರಿಗೆ ಬರುವುದು ಕಷ್ಟ.

ಬಿಡ್ ಮೊತ್ತವೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಕಮಿಷನ್, ತೆರಿಗೆ, ಸಾಗಾಣಿಕೆ, ತಡವಾದರೆ ದಿನದ ಲೆಕ್ಕದಲ್ಲಿ ಯಾರ್ಡ್ ಬಾಡಿಗೆ. ಚೆನ್ನಾಗಿ ಓಡುವ ಅದೇ ಮಾದರಿಯ ಬೆಲೆಯಿಂದ ಇವನ್ನೂ ರಿಪೇರಿ ಖರ್ಚನ್ನೂ ಕಳೆದು, ಉಳಿದದ್ದನ್ನು ಚೀಟಿಯಲ್ಲಿ ಬರೆದಿಟ್ಟು ಕೂರಿ. ಕೊನೇ ನಿಮಿಷದಲ್ಲಿ ಬಿಡ್ ಬಿದ್ದರೆ ಸಮಯ ತಾನಾಗಿ ಮುಂದೆ ಹೋಗುವ ಹರಾಜುಗಳೇ ಹೆಚ್ಚು, ಚೀಟಿಯ ಅಂಕಿ ಮರೆಯುವುದು ಆಗಲೇ. ಗೆದ್ದು ಹಣ ಕಟ್ಟದಿದ್ದರೆ ಹರಾಜಿಗೆ ಮುಂಚೆ ಇಟ್ಟ ಠೇವಣಿ ಹೋಗುತ್ತದೆ.

ಗಾಡಿ ಬಿಡಿಸುವಾಗ ಹರಾಜಿನ ಫೋಟೊ ಕೈಯಲ್ಲಿ ಹಿಡಿದೇ ಹೋಗಿ. ಬ್ಯಾಟರಿ, ಉಪಕರಣ ಕಟ್ಟುವ ಟಾಪ್ ಲಿಂಕ್, ಟ್ರೇಲರ್ ಎಳೆಯುವ ಡ್ರಾ ಬಾರ್, ಟೂಲ್ ಬಾಕ್ಸ್ ಒಂದೊಂದಾಗಿ ತಾಳೆ ನೋಡಿ, ಇಲ್ಲದ್ದನ್ನು ರಶೀದಿಯ ಮೇಲೇ ಬರೆಸಿ. ಸಹಿ ಆಮೇಲೆ.