ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್: ನಮ್ಮ ಅಂಬಾಸಿಡರ್ 900 ಕಿ.ಮೀ.ಗೇ ಮಲಗಿದ್ದು ಹೀಗೆ

ಹಳೆಯ ಗಾಡಿಯ ಇಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ್ದೀರಾ? ಇಂಜಿನ್ ಒಳಗೆ ತಿರುಗುವ ಕ್ಯಾಮ್‌ಶಾಫ್ಟ್ (ಕ್ಯಾಮ್) ಎಂಬ ದಂಡ ತನ್ನ ಉಬ್ಬುಗಳಿಂದ, ಅಂದರೆ ಲೋಬ್‌ಗಳಿಂದ, ಟ್ಯಾಪೆಟ್ ಎಂಬ ಸಣ್ಣ ಲೋಹದ ತುಂಡುಗಳನ್ನು ಎತ್ತುತ್ತದೆ. ಅವು ಪುಶ್‌ರಾಡ್ ಎಂಬ ಕಡ್ಡಿ, ರಾಕರ್ ಎಂಬ ಸನ್ನೆಗಳ ಮೂಲಕ ವಾಲ್ವ್ ತೆರೆಯುತ್ತವೆ. ಟ್ಯಾಪೆಟ್ ಸದ್ದು ಬಂದು, ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಸರಿಮಾಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ಅದೇ ಸದ್ದು ಕೇಳಿದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸಲ ಗ್ಯಾಪ್ ಸರಿಮಾಡಿಸಲು ಹೋಗಬೇಡಿ. ನಾನು ಹೋದೆ. ಒಂದು ಕ್ಯಾಮ್‌ಶಾಫ್ಟ್, ಎಂಟು ಟ್ಯಾಪೆಟ್, ಒಂದು ಆಯಿಲ್ ಪಂಪ್, ಒಂದು ಸೆಟ್ ಬೇರಿಂಗ್ ಮತ್ತು ಐದು ತಿಂಗಳು ಕಳೆದುಕೊಂಡೆ.

ಗಾಡಿ ಅಪ್ಪನದು. 1984ರ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಇಂಜಿನ್. ಹಿಂದೆ ಬರುವ ಸ್ಕೂಟರಿನವರು ಮೂಗು ಮುಚ್ಚಿಕೊಳ್ಳುವಷ್ಟು ಹೊಗೆ ಬಿಡತೊಡಗಿದಾಗ ಇಂಜಿನ್ ಇಳಿಸಿದೆವು. ಬೆಳಗಾವಿಯಲ್ಲಿ ಫೌಂಡ್ರಿಗೂ ಲೇತ್ ಕೆಲಸಕ್ಕೂ ಬರವಿಲ್ಲ. ಉದ್ಯಮಬಾಗದಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎರಡೂ ಅಚ್ಚುಕಟ್ಟಾಗಿ ಆದವು. ಆ ಕೆಲಸದ ಬಗ್ಗೆ ಇಂದಿಗೂ ನನ್ನ ತಕರಾರಿಲ್ಲ. ಕೆಟ್ಟದ್ದು ಇಂಜಿನ್ ಕಟ್ಟಿದ ಗ್ಯಾರೇಜಿನಲ್ಲಿ. ಅದರಲ್ಲಿ ನನ್ನ ಜಿಪುಣತನದ ಪಾಲೂ ಇದೆ.

ಒಂದು ದಿನ ಗ್ಯಾರೇಜಿಗೆ ಹೋದಾಗ ಮಿಸ್ತ್ರಿ ಎಂಟೂ ಟ್ಯಾಪೆಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಖಾಲಿ ಕುಂದಾ ಡಬ್ಬಿಯೊಂದರಲ್ಲಿ ಒಟ್ಟಿಗೆ ಹಾಕಿಟ್ಟಿದ್ದರು. ಯಾವುದು ಯಾವ ತೂತಿನದು ಎಂಬ ಗುರುತು ಒಂದರ ಮೇಲೂ ಇರಲಿಲ್ಲ. ನನ್ನ ಕಣ್ಣೆದುರೇ ಇದ್ದ ಈ ಸೂಚನೆ ನನಗೆ ಅರ್ಥವಾಗಲಿಲ್ಲ. "ಕ್ಯಾಮ್ ಹೊಸದು ಹಾಕೋಣ ಸಾಹೇಬರೇ, ಟ್ಯಾಪೆಟ್ ಇನ್ನೂ ಗಟ್ಟಿ ಇವೆ, ಸುಮ್ಮನೆ ಯಾಕೆ ಖರ್ಚು?" ಎಂದರು. ಖರ್ಚು ಉಳಿಯುತ್ತದೆ ಎಂದರೆ ಯಾರಿಗೆ ಬೇಡ? ತಲೆಯಾಡಿಸಿದೆ.

ಕಟ್ಟಿದ ಇಂಜಿನ್ ಎರಡು ತಿಂಗಳು ಹಾಗೆಯೇ ಕುಳಿತಿತ್ತು, ಗಾಡಿಗೆ ಬಣ್ಣ ಬಳಿಯುವವರು ಕೈಕೊಟ್ಟಿದ್ದರಿಂದ. ಜೋಡಿಸುವಾಗ ಕ್ಯಾಮ್‌ಗೆ ಸವರಿದ್ದ ಮಾಮೂಲಿ ಇಂಜಿನ್ ಆಯಿಲ್ ಅಷ್ಟರಲ್ಲಿ ಇಳಿದುಹೋಗಿತ್ತು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಟೈಮಿಂಗ್ (ಪ್ಲಗ್‌ನ ಕಿಡಿ ಹಾರುವ ಹೊತ್ತು) ಕೂಡಿಬರದೆ ಹತ್ತು ನಿಮಿಷ ಸೆಲ್ಫ್ ಹೊಡೆದರು. ಹತ್ತಿಕೊಂಡ ಮೇಲೆ "ನಿಧಾನಕ್ಕೆ ಸೆಟ್ ಆಗಲಿ" ಎಂದು ಅರ್ಧ ಗಂಟೆ ಸ್ಲೋನಲ್ಲಿ ಬಿಟ್ಟರು. ತೆಂಗಿನಕಾಯಿ ಒಡೆದು ಮನೆಗೆ ಹೊರಟರೆ ಟಿಳಕವಾಡಿಯ ಎರಡನೇ ರೈಲ್ವೆ ಗೇಟ್ ಹಾಕಿತ್ತು. ಅಲ್ಲಿಯೂ ಇಂಜಿನ್ ಬಂದ್ ಮಾಡದೆ, ಅದರ ಮೆತ್ತನೆಯ ಸದ್ದನ್ನು ಕೇಳುತ್ತ ಹಿಗ್ಗಿನಲ್ಲಿ ಕುಳಿತಿದ್ದೆ. ಆ ಹೊತ್ತಿನಲ್ಲೇ ಒಳಗೆ ಲೋಹ ಲೋಹವನ್ನು ತಿನ್ನುತ್ತಿತ್ತು.

ಸುಮಾರು 350 ಕಿ.ಮೀ.ಗೆ ಟಿಕ್ ಟಿಕ್ ಶುರುವಾಯಿತು. ಗ್ಯಾಪ್ ಸರಿಮಾಡಿದರು, ಸದ್ದು ಹೋಯಿತು. 600ಕ್ಕೆ ಮತ್ತೆ ಬಂತು, ಮತ್ತೆ ಸರಿಮಾಡಿದರು. ಜೊತೆಗೆ ಕಾರ್ಬ್ಯುರೇಟರಿನಲ್ಲಿ ಫಟ್ ಫಟ್ ಎಂದು ಉಗುಳತೊಡಗಿತು. ಪಾಯಿಂಟ್ ಬದಲಾಯಿತು, ಕಂಡೆನ್ಸರ್ ಬದಲಾಯಿತು, ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದದ್ದಾಯಿತು. ಸಂಕೇಶ್ವರಕ್ಕೆ ಹೋಗಿಬರುವಾಗ ವಂಟಮೂರಿ ಘಾಟಿನಲ್ಲಿ ಹಿಂದಿನ ಲಾರಿಯವನು ಹಾರ್ನ್ ಒತ್ತಿ ಒತ್ತಿ ಸುಸ್ತಾದ. ಗಾಡಿಗೆ ಎಳೆತವೇ ಇರಲಿಲ್ಲ.

ಕೊನೆಗೆ ಕಾಯಿಲೆ ಹಿಡಿದವನು ನನ್ನ ಸೋದರಮಾವನ ಮಗ. ಸಿಎನ್‌ಸಿ ಮೆಷಿನ್ ನಡೆಸುವವನು, ಅಳತೆಯಿಲ್ಲದೆ ಏನನ್ನೂ ನಂಬುವುದಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಇಳಿಸಿದ ಆಯಿಲ್‌ನಲ್ಲಿ ಆಡಿಸಿ ಮೇಲೆತ್ತಿದ. ಚೀಲದ ಮೇಲೆ ಬೂದುಬಣ್ಣದ, ನೀರಿನಲ್ಲಿ ಕಲಸಿದ ರಂಗೋಲಿ ಹಿಟ್ಟಿನಂಥ ನುಣುಪು ಕೆಸರು. "ಭಾವ, ಬೇರಿಂಗ್ ಲೋಹ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇದು ಉಕ್ಕು, ಇಲ್ಲವೇ ಬೀಡು. ಕ್ಯಾಮ್ ನೋಡೋಣ" ಎಂದ. ರಾಕರ್ ತೆಗೆದು, ಪುಶ್‌ರಾಡ್‌ಗಳ ತಲೆಯ ಮೇಲೆ ಒಂದೊಂದಾಗಿ ಡಯಲ್ ಗೇಜ್ ಇಟ್ಟು ಇಂಜಿನ್ ಅನ್ನು ಕೈಯಿಂದ ತಿರುಗಿಸಿದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಪುಶ್‌ರಾಡ್ ಉಳಿದ ಎಕ್ಸಾಸ್ಟ್‌ಗಳಿಗಿಂತ 1.9 ಮಿ.ಮೀ. ಕಡಿಮೆ ಏಳುತ್ತಿತ್ತು. ಕಾರ್ಬ್ಯುರೇಟರ್ ಉಗುಳುತ್ತಿದ್ದದ್ದೂ ಇದಕ್ಕೇ. ಎಕ್ಸಾಸ್ಟ್ ವಾಲ್ವ್ ಪೂರ್ತಿ ತೆರೆಯದಿದ್ದರೆ ಸುಟ್ಟ ಗಾಳಿ ಹೊರಗೆ ಹೋಗದೆ, ಇನ್‌ಲೆಟ್ ತೆರೆದ ಕೂಡಲೇ ಹಿಂದಕ್ಕೆ ನುಗ್ಗುತ್ತದೆ.

ಈ ಇಂಜಿನ್‌ನಲ್ಲಿ ಮ್ಯಾನಿಫೋಲ್ಡ್ (ಗಾಳಿ, ಹೊಗೆ ಸಾಗುವ ಕೊಳವೆಗಳು) ಇಳಿಸಿ, ಪಕ್ಕದ ಎರಡು ಮುಚ್ಚಳ ತೆಗೆದರೆ ಟ್ಯಾಪೆಟ್‌ಗಳು ಕೈಗೆ ಸಿಗುತ್ತವೆ, ಇಂಜಿನ್ ಇಳಿಸಬೇಕಿಲ್ಲ. ಮೂರು ತಿಂಗಳು ಯಾರೂ ಆ ಮುಚ್ಚಳಗಳನ್ನು ಮುಟ್ಟಿರಲಿಲ್ಲ. ತೆಗೆದ ಟ್ಯಾಪೆಟ್‌ನ ತಳಕ್ಕೆ ಉಕ್ಕಿನ ಸ್ಕೇಲಿನ ಅಂಚನ್ನು ಇಟ್ಟು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಟ್ಯಾಪೆಟ್‌ನಲ್ಲಿ ಸ್ಕೇಲ್ ನಡುವೆ ತಾಗಿ, ಎರಡೂ ಅಂಚುಗಳಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಬೇಕು. ನಮ್ಮದರಲ್ಲಿ ಬೆಳಕು ನಡುವೆಯೇ ಕಂಡಿತು. ತಳ ಬಟ್ಟಲಿನಂತೆ ಕುಳಿಬಿದ್ದಿತ್ತು. ಉಳಿದ ಏಳರಲ್ಲಿ ನಾಲ್ಕರದೂ ಅದೇ ಹಾದಿ.

ಟ್ಯಾಪೆಟ್‌ನ ತಳ ನೋಡಲು ಸಪಾಟಾದರೂ ಅತಿ ಸ್ವಲ್ಪ ಉಬ್ಬಿರುತ್ತದೆ, ಕ್ಯಾಮ್‌ನ ಲೋಬ್ ಅಷ್ಟೇ ಸ್ವಲ್ಪ ಓರೆಯಾಗಿರುತ್ತದೆ. ಆದ್ದರಿಂದ ಟ್ಯಾಪೆಟ್ ಮೇಲೆ ಕೆಳಗೆ ಹೋಗುವುದರ ಜೊತೆಗೆ ತನ್ನಷ್ಟಕ್ಕೆ ತಿರುಗುತ್ತಲೂ ಇರುತ್ತದೆ, ಉಜ್ಜಾಟ ಒಂದೇ ಕಡೆ ಬೀಳುವುದಿಲ್ಲ. ಹಳೆಯ ಟ್ಯಾಪೆಟ್ ತನ್ನ ಹಳೆಯ ಲೋಬಿಗೆ ತಕ್ಕಂತೆ ಸವೆದಿರುತ್ತದೆ. ಅದನ್ನು ಹೊಸ ಕ್ಯಾಮ್ ಮೇಲೆ ಕೂರಿಸಿದರೆ ತಿರುಗುವುದು ನಿಂತು ಕೆರೆಯಲು ತೊಡಗುತ್ತದೆ. ಹಳೆಯ ಕ್ಯಾಮ್ ಉಳಿಸಿಕೊಂಡರೂ ಪ್ರತಿ ಟ್ಯಾಪೆಟ್ ತನ್ನದೇ ತೂತಿಗೆ ಮರಳಬೇಕು. ಕುಂದಾ ಡಬ್ಬಿ ಕಂಡ ಕೂಡಲೇ ನಾನು ಜಗಳ ತೆಗೆಯಬೇಕಿತ್ತು.

ಇನ್ನು ಆ ಸ್ಲೋ ಓಟ. ಹೊಸ ಗಾಡಿಯನ್ನು ಮೆಲ್ಲಗೆ ಓಡಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹೊಸ ಕ್ಯಾಮ್‌ನ ಮಟ್ಟಿಗೆ ಅದು ತಲೆಕೆಳಗು. ಲೋಬ್‌ಗಳಿಗೆ ಆಯಿಲ್ ಬಹುಪಾಲು ಸಿಗುವುದು ತಿರುಗುವ ಕ್ರ್ಯಾಂಕ್ ಎರಚುವುದರಿಂದ. ಸ್ಲೋನಲ್ಲಿ ಎರಚಾಟ ಕಡಿಮೆ, ಲೋಬ್‌ನ ತುದಿಯ ಮೇಲೆ ಸ್ಪ್ರಿಂಗ್‌ನ ಒತ್ತಡ ಹೆಚ್ಚು.

ಅದರ ಮೇಲೆ, ದುಬಾರಿಯದ್ದೇ ಒಳ್ಳೆಯದು ಎಂದು ನಾನೇ ಹಟ ಹಿಡಿದು 5ಡಬ್ಲ್ಯೂ-30 ಎಂಬ ತೆಳು ದರ್ಜೆಯ ಸಿಂಥೆಟಿಕ್ ಆಯಿಲ್ ಹಾಕಿಸಿದ್ದೆ. ಇಂಥ ಟ್ಯಾಪೆಟ್‌ಗಳನ್ನು ಕಾಯುವುದು ಆಯಿಲ್‌ನಲ್ಲಿರುವ ಜಿಂಕ್ ಮತ್ತು ಫಾಸ್ಫರಸ್. ಹೊಸ ಕಾರುಗಳ ಕೆಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಭಾಗ) ಕೆಡಬಾರದೆಂದು ಈ ತೆಳು ದರ್ಜೆಗಳಲ್ಲಿ ಫಾಸ್ಫರಸ್‌ಗೆ ಶೇ 0.08ರ ಮಿತಿ ಇದೆ. ಅಂಬಾಸಿಡರ್‌ಗೆ ಬೇಕಾಗಿದ್ದದ್ದು ಜಿಂಕ್ ಸಾಕಷ್ಟಿರುವ ದಪ್ಪ ದರ್ಜೆ, 20ಡಬ್ಲ್ಯೂ-50.

ಮಿಸ್ತ್ರಿಯ ಜೊತೆ ಮಾತು ಬೆಳೆಯಿತು. "ಮೂವತ್ತು ವರ್ಷದಿಂದ ಹೀಗೇ ಕಟ್ಟುತ್ತಿದ್ದೇನೆ" ಎಂದರು. ಹಣ ವಾಪಸ್ ಬರಲಿಲ್ಲ. ಅವರು ಮೋಸಗಾರರೆಂದು ನಾನು ಹೇಳುವುದಿಲ್ಲ, ಆದರೆ ಅವರ ಗ್ಯಾರೇಜಿಗೆ ಮತ್ತೆ ಕಾಲಿಡಲಿಲ್ಲ.

ಇಂಜಿನ್ ಮತ್ತೆ ಇಳಿಯಿತು, ಪೂರ್ತಿ ಬಿಚ್ಚಿದೆವು. ಉಕ್ಕಿನ ಪುಡಿ ಪಂಪ್‌ನೊಳಗೂ ಗೀರು ಎಳೆದಿತ್ತು. ಫಿಲ್ಟರ್ ಇರುವುದು ಪಂಪ್ ಆದ ಮೇಲೆ, ಮೊದಲಲ್ಲ. ಬ್ಲಾಕಿನ ಆಯಿಲ್ ದಾರಿಗಳ ಬಿರಡೆಗಳನ್ನು ತೆಗೆದು, ಉದ್ದನೆಯ ಬ್ರಷ್ ತೂರಿಸಿ ತೊಳೆದೆವು. ಕ್ಯಾಮ್, ಟ್ಯಾಪೆಟ್ ಎರಡೂ ಹೊಸವು. ಲೋಬ್‌ಗಳಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಮ್ ಇರುವ ಕಪ್ಪು ಪೇಸ್ಟ್. ಸ್ಪಾರ್ಕ್ ಪ್ಲಗ್ ತೆಗೆದು ಇಂಜಿನ್ ತಿರುಗಿಸಿ, ಗೇಜ್‌ನಲ್ಲಿ ಆಯಿಲ್ ಒತ್ತಡ ಕಂಡ ಮೇಲೆಯೇ ಪ್ಲಗ್ ಹಾಕಿದೆವು. ಟೈಮಿಂಗ್ ಮೊದಲೇ ಕೂಡಿಸಿದ್ದರಿಂದ ಒಂದೇ ಸೆಲ್ಫ್‌ಗೆ ಹತ್ತಿಕೊಂಡಿತು. ಕೂಡಲೇ 2000 ಆರ್‌ಪಿಎಂಗೆ ಏರಿಸಿ, 2500ರ ತನಕ ಏರಿಳಿಸುತ್ತ ಇಪ್ಪತ್ತು ನಿಮಿಷ ಓಡಿಸಿದೆವು, ಒಮ್ಮೆಯೂ ಸ್ಲೋಗೆ ಬಿಡದೆ. ಪಕ್ಕದ ಮನೆಯ ಕಾಕು ಕಿಟಕಿ ತೆರೆದು ನೋಡಿ, ಬೈದು, ಮುಚ್ಚಿಕೊಂಡರು. ಆಮೇಲೆ ಆ ಆಯಿಲ್ ಇಳಿಸಿ ಹೊಸದು ತುಂಬಿದೆವು.

ಈಗ 2,300 ಕಿ.ಮೀ. ಆಗಿದೆ. ಟ್ಯಾಪೆಟ್ ಗ್ಯಾಪ್ ಮೂರು ಸಲ ಅಳೆದೆವು, ಕದಲಿಲ್ಲ. ಹಳೆಯ ಎಂಟು ಟ್ಯಾಪೆಟ್‌ಗಳು ಅದೇ ಕುಂದಾ ಡಬ್ಬಿಯಲ್ಲಿ ನನ್ನ ಬಳಿ ಇವೆ. ಬೆಳಗಾವಿ ಕಡೆಯ ಯಾರಾದರೂ ಇಂಜಿನ್ ಕಟ್ಟಿಸುವವರಿದ್ದರೆ ಹೇಳಿ, ಸ್ಕೇಲ್ ಸಮೇತ ತೋರಿಸುತ್ತೇನೆ.