ಸ್ಲೀಮಾದಲ್ಲಿ ಒಂದು ವರ್ಷ, ಗೋಜೊದಲ್ಲಿ ಒಂದು ವರ್ಷ

ಮಾಲ್ಟಾ ದೇಶದಲ್ಲಿ ನರ್ಸ್ ಕೆಲಸಕ್ಕೆಂದು ಎರಡು ವರ್ಷ ಇದ್ದೆ. ಮೊದಲ ವರ್ಷ ದೊಡ್ಡ ದ್ವೀಪದ ಸ್ಲೀಮಾದಲ್ಲಿ ಫ್ಲ್ಯಾಟು, ಆಮೇಲೆ ಗೋಜೊ ದ್ವೀಪದಲ್ಲಿ ಹಳೇ ಕಲ್ಲುಮನೆ. ನಡುವೆ ಫೆರಿಯಲ್ಲಿ 25 ನಿಮಿಷ ಅಷ್ಟೇ. ಇಡೀ ದೇಶವೇ 316 ಚದರ ಕಿ.ಮೀ., ಅದರಲ್ಲಿ ಗೋಜೊ ಪಾಲು 67. ಇಷ್ಟರಲ್ಲಿ ಏನು ಮಹಾ ವ್ಯತ್ಯಾಸ ಅಂದುಕೊಂಡಿದ್ದೆ.

ಹವೆಯಲ್ಲಿ ನಿಜಕ್ಕೂ ಇಲ್ಲ. ಆಗಸ್ಟ್ ಮಧ್ಯಾಹ್ನ ಎರಡೂ ಕಡೆ 32 ಡಿಗ್ರಿ ಆಸುಪಾಸು. ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ., ಅದೂ ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ. ತೀರ್ಥಹಳ್ಳಿ ಕಡೆಯವಳಾದ ನನಗೆ ಅದು ಮಳೆ ಅಂತಲೇ ಅನಿಸಲಿಲ್ಲ. ಆಷಾಢದಲ್ಲಿ ಹುಲ್ಲು ಒಣಗಿ ನಿಂತಿರುವುದನ್ನು ಕೊನೆಯವರೆಗೂ ಕಣ್ಣು ಒಪ್ಪಲಿಲ್ಲ.

ವ್ಯತ್ಯಾಸ ಇರುವುದು ಕಾಲಡಿಯಲ್ಲಿ. ಸ್ಲೀಮಾ ಇರುವ ಪೂರ್ವ ಭಾಗದಲ್ಲಿ ಜೇನುಬಣ್ಣದ ಮೆತ್ತನೆ ಸುಣ್ಣಕಲ್ಲು. ಮನೆ, ಚರ್ಚು, ಕೋಟೆ ಎಲ್ಲ ಅದರದ್ದೇ. ಜೋರು ಮಳೆ ಬಂದರೆ ನೀರು ರಸ್ತೆಯಲ್ಲೇ ಓಡಿ ಸಮುದ್ರ ಸೇರುತ್ತದೆ. ವರ್ಷಪೂರ್ತಿ ಹರಿಯುವ ಹೊಳೆ ದೇಶದಲ್ಲಿ ಒಂದೂ ಇಲ್ಲ. ನಲ್ಲಿಯಲ್ಲಿ ಬರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಉಪ್ಪು ತೆಗೆದ ಸಮುದ್ರದ ನೀರು. ಅದರಲ್ಲಿ ಮಾಡಿದ ಕಾಫಿ ಒಂದು ವಾರ ಕುಡಿದೆ, ಆಮೇಲೆ ಬಾಟಲಿ ನೀರು ಹೊತ್ತುಕೊಂಡು ಮೆಟ್ಟಿಲು ಹತ್ತುವುದೇ ಕೆಲಸವಾಯಿತು.

ಗೋಜೊ ಗುಡ್ಡಗಳ ನೆತ್ತಿ ಮಣೆಯ ಹಾಗೆ ಚಪ್ಪಟೆ. ಮೇಲೆ ಗಟ್ಟಿ ಸುಣ್ಣಕಲ್ಲು, ಅದರ ಕೆಳಗೆ ನೀಲಿ ಜೇಡಿ. ಕಲ್ಲಿನಲ್ಲಿ ಇಳಿದ ಮಳೆನೀರನ್ನು ಜೇಡಿ ಬಿಡುವುದಿಲ್ಲ. ತಡೆದು, ಅಂಚಿನಲ್ಲಿ ಒರತೆಯಾಗಿ ಹೊರಗೆ ಹಾಕುತ್ತದೆ. ದೊಡ್ಡ ದ್ವೀಪದ ಪಶ್ಚಿಮಕ್ಕೂ ಈ ಜೇಡಿ ಇದೆ, ಪೂರ್ವದಲ್ಲಿ ಸವೆದು ಹೋಗಿದೆ. ಗೋಜೊದ ಫೊಂಟಾನಾ ಊರಲ್ಲಿ ಕಮಾನಿನಡಿ ಬಟ್ಟೆ ಒಗೆಯುವ ಕಲ್ಲುತೊಟ್ಟಿಗಳಿವೆ. ಮೊದಲ ಸಲ ಅದರ ನೀರಿಗೆ ಕೈಯಿಟ್ಟಾಗ ಅಮ್ಮನ ಮನೆ ಬಾವಿಕಟ್ಟೆ ನೆನಪಾಯಿತು. ಮಾರ್ಚ್‌ನಲ್ಲಿ ಸುತ್ತಲಿನ ಗದ್ದೆಬದುವೆಲ್ಲ ಹಸಿರು.

ಹಾಗಂತ ಗೋಜೊ ಚಳಿಗಾಲವನ್ನು ಹೊಗಳಲಾರೆ. ಜನವರಿಯಲ್ಲಿ ಹೊರಗೆ 15 ಡಿಗ್ರಿ ಎಳೆಬಿಸಿಲು, ಕಲ್ಲುಮನೆ ಒಳಗೆ ಮಾತ್ರ ಹೊದಿಕೆಯೇ ಒದ್ದೆಯೇನೋ ಅನ್ನುವಂಥ ಥಂಡಿ. ಚಪ್ಪಲಿಗೂ ಬೂಷ್ಟು. ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ. ಊರಿಗೆ ಹೊರಟ ದಿನವೇ ಹಾಗಾಗಿ ವಿಮಾನ ತಪ್ಪಿಸಿಕೊಂಡೆ. ಸ್ಲೀಮಾದ ಫ್ಲ್ಯಾಟಿನಲ್ಲಿ ಇದ್ಯಾವ ಗೋಳೂ ಇರಲಿಲ್ಲ. ಮತ್ತೆ ಹೋಗುವುದಾದರೆ ಮಾರ್ಚ್‌ನಿಂದ ಜೂನ್‌ವರೆಗೆ ಗೋಜೊ, ಉಳಿದದ್ದು ಸ್ಲೀಮಾ.

ಸಹಾರಾ ಕಡೆಯಿಂದ ಶ್ಲೊಕ್ ಗಾಳಿ ಬೀಸಿದಾಗ ಮಾತ್ರ ಎರಡೂ ಒಂದೇ. ಅದರ ಜೊತೆ ನಾಲ್ಕು ಹನಿ ಬಿದ್ದರೆ ತಾರಸಿ ಮೇಲೆ ಒಣಹಾಕಿದ ಬಿಳಿ ಯೂನಿಫಾರ್ಮ್ ತುಂಬ ಕೆಮ್ಮಣ್ಣಿನ ಚುಕ್ಕೆ.